ಹನ್ನೆರಡು ಸೆಕೆಂಡಿನ ಪರೀಕ್ಷೆ

ವಾಚ್ ರಿಪೇರಿ ತಾತನ ತಲೆ ಕೆಟ್ಟದ್ದು ಹರ್ನಿಯಾದಿಂದಲ್ಲ, ಆಸ್ಪತ್ರೆಯ ಚೀಟಿಯ ಮೇಲಿದ್ದ ಒಂದು ಪದದಿಂದ. 'ಆಪರೇಷನ್‌ಗೆ ಮುಂಚೆ ನಿಶ್ಶಕ್ತಿ ಪರೀಕ್ಷೆ' ಎಂದು ಬರೆದಿತ್ತು.

"ಯಾರಿಗೆ ನಿಶ್ಶಕ್ತಿ?" ಎಂದು ಬೆಳಗಿನಿಂದ ನಾಲ್ಕು ಸಲ ಕೇಳಿದ್ದ.

"ವಯಸ್ಸಾದೋರಿಗೆಲ್ಲ ಮಾಡ್ತಾರಪ್ಪ, ಮೈ ತಡ್ಕೊಳ್ಳುತ್ತಾ ಅಂತ ನೋಡೋಕೆ," ಎಂದಳು ಮಗಳು. "ಪಾಸಾದ್ರೆ ಗುರುವಾರ ಆಪರೇಷನ್. ಇಲ್ಲಾಂದ್ರೆ ಮೂರು ತಿಂಗಳು ವ್ಯಾಯಾಮ ಮಾಡ್ಕೊಂಡು ಬಾ ಅಂತಾರೆ. ಇವತ್ತೊಂದಿನ ಯಾರ ಹತ್ರಾನೂ ವಾದಕ್ಕೆ ನಿಲ್ಬೇಡ."

ಮೂರು ತಿಂಗಳು ಕಾಯುವ ಸ್ಥಿತಿಯಲ್ಲಿ ತಾತ ಇರಲಿಲ್ಲ. ಮೇಜಿನ ಮೇಲೆ ಬಗ್ಗಿದರೆ ಸಾಕು, ತೊಡೆಸಂದಿ ಹಿಡಿದುಕೊಳ್ಳುತ್ತಿತ್ತು. ಅಂಗಡಿ ಬಾಗಿಲು ಹಾಕಿ ಎರಡು ತಿಂಗಳಾಗಿತ್ತು. ಐವತ್ತು ವರ್ಷ ಗಡಿಯಾರಗಳ ಹೊಟ್ಟೆ ಬಿಚ್ಚಿದವನಿಗೆ ತನ್ನ ಹೊಟ್ಟೆ ಬಿಚ್ಚಿಸಿಕೊಳ್ಳುವ ಭಯವಿರಲಿಲ್ಲ. ಆ ಬಾಗಿಲು ಮತ್ತೆ ತೆರೆಯದೇ ಹೋದರೆ ಎಂಬ ಭಯ ಮಾತ್ರ ಇತ್ತು.

ಪರೀಕ್ಷೆಯ ಹಾಲ್‌ನಲ್ಲಿ ಪಕ್ಕದ ಮನೆಯ ಡ್ರಿಲ್ ಮೇಷ್ಟ್ರು ಆಗಲೇ ಪಾಸಾಗಿ, ಚೀಟಿಯಿಂದ ಗಾಳಿ ಹಾಕಿಕೊಳ್ಳುತ್ತಾ ಕೂತಿದ್ದರು. ಅವರದು ಪಿತ್ತಕೋಶದ ಕಲ್ಲು.

"ಕುರ್ಚಿಯಿಂದ ಎದ್ದು ಆ ಹಳದಿ ಗೆರೆ ಮುಟ್ಟಿ ವಾಪಸ್ ಬಂದು ಕೂರ್ಬೇಕು. ಹನ್ನೆರಡು ಸೆಕೆಂಡ್ ದಾಟ್ಬಾರ್ದು. ನಾನು ಹನ್ನೊಂದಕ್ಕೇ ಬಂದೆ. ಎದೆ ಮುಂದೆ ಮಾಡಿ ನಡೀರಿ," ಎಂದರು ಮೇಷ್ಟ್ರು. "ಅಂದ ಹಾಗೆ ನಮ್ಮ ಗೋಡೆ ಗಡಿಯಾರ ಏನಾಯ್ತು? ಕೊಟ್ಟು ಒಂದೂವರೆ ವರ್ಷ ಆಯ್ತು."

"ಪಾರ್ಟ್ ಬರ್ಬೇಕು," ಎಂದು ತಾತ ಮುಖ ತಿರುಗಿಸಿದ.

ನರ್ಸ್ ಕೈಯ ಹಿಡಿತ ನೋಡಿದಳು. ತಾತ ಹಿಡಿತ ಅಳೆಯುವ ಯಂತ್ರದ ಹಿಡಿಕೆಯನ್ನು ಹಿಂಡಿದ ರಭಸಕ್ಕೆ ಅದರ ಮುಳ್ಳು ಕೊನೆಗೆ ಹೋಗಿ ನಿಂತಿತು. ಆಮೇಲೆ ಅವಳು ಕೊರಳಲ್ಲಿದ್ದ ಕೀಲಿ ಕೊಡುವ ಹಳೇ ಸ್ಟಾಪ್‌ವಾಚ್ ಒತ್ತಿದಳು. ತಾತ ಎದ್ದ, ನಡೆದ, ಬಂದು ಕೂತ.

"ಹನ್ನೊಂದು. ಪಾಸು ತಾತ."

ಮಗಳು ಉಸಿರು ಬಿಟ್ಟಳು. ತಾತ ಮಾತ್ರ ಏಳಲಿಲ್ಲ.

"ಸಿಸ್ಟರ್, ಆ ವಾಚು ಕುಂಟ್ತಾ ಇದೆ. ಟಿಕ್ ಅಂದ್ಮೇಲೆ ಟಕ್ ಅನ್ನೋಕೆ ಯೋಚ್ನೆ ಮಾಡ್ತಿದೆ."

"ಅಪ್ಪ, ಸುಮ್ನೆ ಎದ್ದು ಬಾ," ಎಂದು ಮಗಳು ತೋಳು ಹಿಡಿದಳು.

"ಯಾಕೆ ಬರ್ಲಿ? ಕೆಟ್ಟ ವಾಚು ಕೊಟ್ಟ ಪಾಸು ನಂಗೆ ಬೇಡ. ನಂಗೆ ಶಕ್ತಿ ಇದೆ ಅಂತ ಹೇಳೋದಾದ್ರೆ ಸರಿಯಾದ ವಾಚು ಹೇಳ್ಲಿ."

ನರ್ಸ್ ಬೇಡವೆನ್ನುವಷ್ಟರಲ್ಲಿ ತಾತನ ಜೇಬಿನಿಂದ ಭೂತಗನ್ನಡಿ, ಸಣ್ಣ ಸ್ಕ್ರೂಡ್ರೈವರ್, ಚಿಮಟ ಹೊರಬಂದಿದ್ದವು. ಅವಳ ಕೊರಳಿನ ವಾಚ್ ಇಸಿದುಕೊಂಡು ಮುಚ್ಚಳ ಬಿಚ್ಚಿ, ತೊಡೆಸಂದಿ ಚುಚ್ಚಿದರೂ ಹಲ್ಲು ಕಚ್ಚಿ ಬಗ್ಗಿದ. ಚಕ್ರದ ಹಲ್ಲಿಗೆ ಆಸ್ಪತ್ರೆಯದೇ ಹತ್ತಿಯ ಎಳೆಯೊಂದು ಸಿಕ್ಕಿಕೊಂಡಿತ್ತು. ಎಳೆದು ತೆಗೆದು, ಮುಚ್ಚಳ ಹಾಕಿ, ಕಿವಿಗಿಟ್ಟುಕೊಂಡು ನಕ್ಕ. ನರ್ಸ್ ತನ್ನ ಮೊಬೈಲ್ ಜೊತೆ ಇಟ್ಟು ನೋಡಿದಳು. ಎರಡೂ ಹೆಜ್ಜೆಗೆ ಹೆಜ್ಜೆ ಓಡುತ್ತಿದ್ದವು.

"ಹಾಗಾದ್ರೆ ಹಳೇ ಲೆಕ್ಕ ನಡಿಯಲ್ಲ. ಇನ್ನೊಂದ್ಸಲ ನಡೀರಿ ತಾತ."

ತಾತ ಈ ಸಲ ಎದೆ ಮುಂದೆ ಮಾಡಿಯೇ ನಡೆದ. ಕೂತಾಗ ಕಣ್ಣಂಚಿನಲ್ಲಿ ನೀರಾಡುತ್ತಿತ್ತು.

"ಹದಿಮೂರು," ಎಂದಳು ನರ್ಸ್ ಮೆಲ್ಲಗೆ. "ಮೂರು ತಿಂಗಳು ಬಿಟ್ಟು ಬನ್ನಿ."

ಮಗಳು ಅಪ್ಪನ ಕಡೆ ತಿರುಗಿದಳು. "ವಾಚು ನಿಧಾನ ಓಡ್ತಿದೆ ಅಂತ ನಿಂಗೆ ಮೊದ್ಲೇ ಗೊತ್ತಿತ್ತಾ?"

"ಗೊತ್ತಾಗ್ದೆ ಏನು? ಜೋರಾಗಿ ನಡೆದ್ರೆ ಆ ಒಂದೆರಡು ಸೆಕೆಂಡು ಕಾಲಲ್ಲೇ ಸಿಗುತ್ತೆ ಅಂದ್ಕೊಂಡೆ. ಸಿಗ್ಲಿಲ್ಲ. ಸಿಗೋವರೆಗೂ ನಡೀತೀನಿ."

ಅಷ್ಟರಲ್ಲಿ ನರ್ಸ್ ಬಾಗಿಲಿಗೆ ಹೋಗಿ ಕೂಗಿದಳು. "ಬೆಳಗ್ಗೆಯಿಂದ ಪಾಸಾದೋರೆಲ್ಲ ಚೀಟಿ ವಾಪಸ್ ಕೊಡಿ. ಎಲ್ಲರೂ ಮತ್ತೆ ನಡೀಬೇಕು."

ಒಂಬತ್ತು ಜನ ತಾತನ ಕಡೆ ತಿರುಗಿದರು. ಮೇಷ್ಟ್ರು ಚೀಟಿ ಮಡಚಿ ಕೈಯಲ್ಲಿ ಹಿಡಿದು, ಹಳದಿ ಗೆರೆಯನ್ನೊಮ್ಮೆ ನೋಡಿ, ತಾತನ ಎದುರು ಬಂದು ನಿಂತರು.

"ನಮ್ಮ ಗಡಿಯಾರಕ್ಕೆ ಒಂದೂವರೆ ವರ್ಷ," ಎಂದರು. "ಇದಕ್ಕೆ ಐದು ನಿಮಿಷಾನಾ?"