ಅಟ್ಟದ ಕೆಳಗಿನ ಮಿಲಿಟರಿ ಲಾರಿ

ಹೊನ್ನವಳ್ಳಿಯ ಗೋವಿಂದಯ್ಯನವರಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ, ಬೀಡಿಯ ವಾಸನೆಯೂ ಆಗದು. ಇಂಥ ಸಾತ್ವಿಕ ಗಂಡ ಸಿಗಬೇಕಾದರೆ ಸಿದ್ದಗಂಗಮ್ಮನವರು ಏಳು ಜನ್ಮದ ಪುಣ್ಯ ಮಾಡಿರಬೇಕು ಎಂದು ನಿಮಗನ್ನಿಸಬಹುದು. ಅನ್ನಿಸಿದರೆ ಅನ್ನಿಸಲಿ, ಅವರ ಮುಂದೆ ಮಾತ್ರ ಹೇಳಬೇಡಿ. "ಕುಡ್ಕ ಗಂಡ ಆದ್ರೆ ಬೆಳಗಾಗೋದ್ರೊಳ್ಗೆ ಅಮಲಿಳೀತದೆ ಕಣ್ರೀ. ನಮ್ಮೆಜಮಾನ್ರುದು ಮದ್ವೆ ಆದಾಗ್ಲಿಂದ ಇಳ್ದಿಲ್ಲ" ಎಂದು ನಿಮ್ಮನ್ನೇ ಕೂರಿಸಿಕೊಂಡು ಶುರುಮಾಡುತ್ತಾರೆ.

ಆ ಅಮಲಿನ ಹೆಸರು ಮಿಲಿಟರಿ ಗಾಡಿ. ಮದುವೆಯಾದ ಹೊಸತರಲ್ಲಿ ಮಾವನ ಮನೆಗೆಂದು ಗಂಡಹೆಂಡಿರು ತಿಪಟೂರಿನಲ್ಲಿ ತುರುವೇಕೆರೆ ಬಸ್ಸಿಗೆ ಕಾಯುತ್ತಿದ್ದಾಗ ಹೆದ್ದಾರಿಯಲ್ಲಿ ಸೇನೆಯ ಲಾರಿಗಳ ಸಾಲು ಬಂತಂತೆ. ಹೆಂಡತಿಯನ್ನು, ಟ್ರಂಕನ್ನು, ಹಣ್ಣಿನ ಬುಟ್ಟಿಯನ್ನು ಬಸ್ಸಿಗೆ ಹತ್ತಿಸಿದ ಗೋವಿಂದಯ್ಯನವರು ತಾವು ಹತ್ತುವುದನ್ನು ಮರೆತು, ಬಾಯಿ ಬಿಟ್ಟುಕೊಂಡು ರಸ್ತೆಯ ಬದಿ ನಿಂತುಬಿಟ್ಟರು. ಮಾವನ ಮನೆಯಲ್ಲಿ ಹೊಸ ಅಳಿಯನ ಬದಲು ಹಣ್ಣಿನ ಬುಟ್ಟಿಗೆ ಆರತಿಯಾಯಿತು. (ಅಳಿಯಂದಿರು ಮಾರನೆಯ ದಿನ ಹೋದರು. ಅಷ್ಟರಲ್ಲಿ ಒಬ್ಬಟ್ಟು ಮುಗಿದಿತ್ತು.)

ವರ್ಷಕ್ಕೊಮ್ಮೆ ಬೆಂಗಳೂರಿನಲ್ಲಿ ಹಳೆಯ ಗಾಡಿಗಳ ಪ್ರದರ್ಶನ ನಡೆಯುತ್ತಿತ್ತು. ತಿಪಟೂರಿನ ಮೆಕ್ಯಾನಿಕ್ ಮುನಾಫ್ ಸಾಹೇಬರನ್ನು ಜೊತೆಮಾಡಿಕೊಂಡು ಗೋವಿಂದಯ್ಯ ತಪ್ಪದೆ ಹೋಗುತ್ತಿದ್ದರು. ಯುದ್ಧ ಕಂಡ ಜೀಪು, ಫಿರಂಗಿ ಎಳೆದ ಲಾರಿ, ಟ್ಯಾಂಕನ್ನೇ ಹೊತ್ತು ತಿರುಗಿದ ದೈತ್ಯ. ಒಂದೊಂದರ ಸುತ್ತಲೂ ಒಂದು ಹಗ್ಗ. ಹಗ್ಗದ ಒಳಗೆ ಎದೆಗೆ ಬಿಲ್ಲೆ ಚುಚ್ಚಿಕೊಂಡು ಕುರ್ಚಿಯಲ್ಲಿ ಕೂತ ಮಾಲೀಕರು, ಹೊರಗೆ ಬಿಸಿಲಲ್ಲಿ ಗೋವಿಂದಯ್ಯನವರಂಥ ಪಾಮರರು. ಹನ್ನೊಂದು ವರ್ಷ ಹೊರಗಿನಿಂದ ಕತ್ತು ಚಾಚಿ ಚಾಚಿ ಅವರಿಗೆ ಒಂದೇ ಆಸೆ ಉಳಿಯಿತು. ಸಾಯುವುದರೊಳಗೆ ಒಂದು ದಿನ, ಒಂದೇ ಒಂದು ದಿನ, ತಮ್ಮ ಗಾಡಿಯ ಪಕ್ಕದಲ್ಲಿ ಆ ಹಗ್ಗದ ಒಳಗೆ ನಿಲ್ಲಬೇಕು.

ತೊಂಬತ್ತೆಂಟನೆಯ ಇಸವಿಯ ಬೇಸಿಗೆಯ ಆರಂಭದಲ್ಲಿ ಮುನಾಫರು ಶುಭವಾರ್ತೆ ತಂದರು. ಸೇನೆಯವರು ಹರಾಜಿನಲ್ಲಿ ಬಿಟ್ಟ ಶಕ್ತಿಮಾನ್ ಲಾರಿಯೊಂದು ಯಾವುದೋ ಗುಜರಿಯಲ್ಲಿ ತುಂಡಾಗಲು ಕಾದಿದೆ, ಎಂಜಿನ್ ಗಟ್ಟಿಯಾಗಿದೆ, ಈ ವಾರ ತಂದರೆ ಉಂಟು, ಇಲ್ಲದಿದ್ದರೆ ಮೊಳೆಯಾಗಿಹೋಗುತ್ತದೆ ಎಂದರು. ಗೋವಿಂದಯ್ಯನವರ ಕರುಳು ಕಿತ್ತುಬಂತು. ಹೆಂಡತಿಯನ್ನು ಒಪ್ಪಿಸುವುದು ಹೇಗೆ? ಅದಕ್ಕೂ ಒಂದು ಮಹಾಯೋಚನೆ ಹೊಳೆಯಿತು. ಕಾಗದಪತ್ರವನ್ನೆಲ್ಲ ಶ್ರೀಮತಿ ಸಿದ್ದಗಂಗಮ್ಮನವರ ಹೆಸರಿಗೇ ಮಾಡಿಸಿ, ಸೀರೆ ತಂದವರ ಹಾಗೆ ನಗುನಗುತ್ತ ಅವರ ಕೈಗಿಟ್ಟರು. ಸಿದ್ದಗಂಗಮ್ಮ ಕಾಗದ ನೋಡಿದರು. ಹೊರಗೆ ಟ್ರ್ಯಾಕ್ಟರಿನ ಹಿಂದೆ ಕಟ್ಟಿಸಿಕೊಂಡು ನಿಂತಿದ್ದ ಉಡುಗೊರೆ ನೋಡಿದರು.

"ಇದನ್ನ ಉಟ್ಕಳ್ಳಾದಾ, ಇಟ್ಕಳ್ಳಾದಾ?" ಎಂದರು.

ಇಟ್ಟುಕೊಳ್ಳಲು ಇದ್ದ ಜಾಗ ಒಂದೇ, ಹಿಂದೆ ಎತ್ತಿನ ಗಾಡಿ ನಿಲ್ಲುತ್ತಿದ್ದ ಎತ್ತರದ ಕೊಟ್ಟಿಗೆ. ಕೊಟ್ಟಿಗೆಯ ಮೇಲೆ ಅಟ್ಟ, ಅಟ್ಟದ ತುಂಬ ಆಗತಾನೆ ಏರಿಸಿದ್ದ ತೆಂಗಿನಕಾಯಿ. ನಮ್ಮ ಕಡೆ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೇರಿಸಿದರೆ ಹತ್ತು ಹನ್ನೊಂದು ತಿಂಗಳು ಮುಟ್ಟುವ ಹಾಗಿಲ್ಲ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು, ಉಂಡೆ ಕೊಬ್ಬರಿಯಾಗಬೇಕು. ಅವಸರ ಮಾಡಿದರೆ ಕೌಟು ಹಿಡಿದು ಹಾಳು. ಸಿದ್ದಗಂಗಮ್ಮನವರಿಗಂತೂ ಅಟ್ಟವೆಂದರೆ ಬಾಣಂತಿಯ ಕೋಣೆ. ಕೆಳಗೆ ಯಾರಾದರೂ ಜೋರಾಗಿ ಕೆಮ್ಮಿದರೂ ಕಣ್ಣು ಬಿಡುತ್ತಾರೆ. ಅಂಥ ಕೋಣೆಯ ಕೆಳಗೆ ಲಾರಿ ನಿಲ್ಲಲು ಒಪ್ಪಿದ್ದೇ ದೊಡ್ಡದು. ಕಾಯಿ ಇಳಿಯುವ ತನಕ ಎಂಜಿನ್ ಚಾಲೂ ಮಾಡಕೂಡದು, ಅದುರಿದರೆ ಕೆಡುತ್ತದೆ ಎಂದರು. ಹೊಸ ಬಣ್ಣದ ಡಬ್ಬಗಳನ್ನು ಕಂಡು, ಕೊಬ್ಬರಿ ವಾಸನೆ ಕುಡಿಯುತ್ತದೆ ಎಂದು ವಾಪಸು ಕಳಿಸಿದರು. ಮಳೆಗಾಲದಲ್ಲಿ ಕಾಯಿಗೆ ಥಂಡಿಯಾಗದಿರಲೆಂದು ಕೊಟ್ಟಿಗೆಯ ಮೂಲೆಯಲ್ಲಿ ತೆಂಗಿನ ಚಿಪ್ಪಿನ ಹೊಗೆ ಹಾಕುವುದು ಮನೆಯ ಪದ್ಧತಿ. ಹಾಗಾಗಿ ಬೆಂಕಿಯ ಭಯಕ್ಕೆ ಮುನಾಫರನ್ನು ಕರೆಸಿ ಟ್ಯಾಂಕಿನ ಡೀಸೆಲ್ಲನ್ನೂ ಕಡೆಯ ತೊಟ್ಟಿನವರೆಗೆ ಬಸಿಸಿದರು. ಶತ್ರುಗಳಿಗೆ ಜಗ್ಗದ ವೀರ ಹೊನ್ನವಳ್ಳಿಗೆ ಬಂದು ನಿಶ್ಶಸ್ತ್ರನಾದ.

ಪಾಪ, ಗೋವಿಂದಯ್ಯನವರು ಏನು ಮಾಡಬೇಕು? ದಿನಾ ಬೆಳಿಗ್ಗೆ ಕಾಫಿ ಕುಡಿದು ಲಾರಿಯ ಮೇಲೆ ಹತ್ತಿ, ಸ್ಟೇರಿಂಗ್ ಹಿಡಿದು, ಬಾಯಲ್ಲೇ ಗೇರು ಬದಲಾಯಿಸುತ್ತಿದ್ದರು. ಅದೂ ಮೆಲ್ಲಗೆ.

ಆಷಾಢದಲ್ಲಿ ಅಟ್ಟದ ನಡುತೊಲೆ ಬಾಗತೊಡಗಿತು. ಸಿದ್ದಗಂಗಮ್ಮ ಬಡಗಿಗೆ ಹೇಳಿಕಳಿಸಬೇಕೆಂದು ಗಾಬರಿಯಾಗಿದ್ದಾಗ ಗೋವಿಂದಯ್ಯನವರ ನಾಲಿಗೆ ಸುಮ್ಮನಿರಲಿಲ್ಲ. ಬಡಗಿ ಯಾಕೆ, ಇದು ಬೆಟ್ಟದ ಮೇಲೆ ಫಿರಂಗಿ ಹೊತ್ತ ಗಾಡಿ, ನಿನ್ನ ಅಟ್ಟ ಇದಕ್ಕೆ ಯಾವ ಲೆಕ್ಕ ಎಂದು ಮೀಸೆ ತಿರುವಿದರು. ಸಿದ್ದಗಂಗಮ್ಮ ಲಾರಿಯನ್ನು ಮೊದಲ ಸಲ ಪ್ರೀತಿಯಿಂದ ನೋಡಿದರು. ಮಧ್ಯಾಹ್ನದೊಳಗೆ ಲಾರಿಯ ಬಾಡಿಯ ಮೇಲೆ ಎರಡು ತೆಂಗಿನ ತುಂಡುಕಂಬ ನಿಂತು, ಅವುಗಳ ಮೇಲೆ ತೊಲೆ ಕೂತಿತು. ಅಂದಿನಿಂದ ಮನೆಯ ಒಳಗೆ ಲಾರಿ ಇತ್ತೋ ಲಾರಿಯ ಮೇಲೆ ಮನೆ ಇತ್ತೋ ಹೇಳುವುದು ಕಷ್ಟ. ಹಿಂದಿನ ಎಡಚಕ್ರ ಸ್ವಲ್ಪ ಗಾಳಿ ಬಿಡುತ್ತಿತ್ತು. ಚಕ್ರ ಕುಗ್ಗಿದರೆ ಅಟ್ಟ ವಾಲುತ್ತದಾದ್ದರಿಂದ ಸೋಮವಾರ ಸೋಮವಾರ ಗೋವಿಂದಯ್ಯ ಕಾಲ್ಪಂಪಿನಿಂದ ಗಾಳಿ ಹೊಡೆಯಬೇಕಾಯಿತು. ಆಡಿದ ಮಾತಿಗೆ ಇಷ್ಟು ಬೆವರು ಸುರಿಸಿದವರು ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ.

ಸಂಕ್ರಾಂತಿಯ ಮಾರನೆಯ ದಿನ ಮುನಾಫರು ಅರ್ಜಿ ಫಾರಂ ಹಿಡಿದು ಬಂದರು. ಹಳೆಯ ಗಾಡಿಗಳ ಪ್ರದರ್ಶನ ಈ ಸಲ ತುಮಕೂರಿನಲ್ಲೇ, ಅದೂ ತಿಂಗಳ ಕಡೆಯ ಭಾನುವಾರ. ಗೋವಿಂದಯ್ಯನವರಿಗೆ ಹಗ್ಗ ಕಣ್ಣ ಮುಂದೆ ಬಂತು. ಆದರೆ ಲಾರಿ ಹೊರಗೆ ಬರಬೇಕಾದರೆ ಕಂಬ ಕಳಚಬೇಕು, ಕಂಬ ಕಳಚಬೇಕಾದರೆ ಕಾಯಿ ಇಳಿಯಬೇಕು. ಸಿದ್ದಗಂಗಮ್ಮ ಏಣಿ ಹತ್ತಿ, ಒಂದು ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಇನ್ನೂ ನೀರಾಡುತ್ತಿದೆ, ಶಿವರಾತ್ರಿ ಕಳೆಯಲಿ ಎಂದು ಇಳಿದರು. ಗೋವಿಂದಯ್ಯ ಮುನಿಸಿಕೊಂಡು ಎರಡು ಮುದ್ದೆಯನ್ನು ಒಂದಕ್ಕಿಳಿಸಿದರು. ಮಿಕ್ಕ ಮುದ್ದೆ ಎಮ್ಮೆಗೆ ಹೋಯಿತು, ಯಾರೂ ಕಾರಣ ಕೇಳಲಿಲ್ಲ.

ಪ್ರದರ್ಶನಕ್ಕೆ ಹತ್ತು ದಿನವಿದೆ ಎನ್ನುವಾಗ ಸಿದ್ದಗಂಗಮ್ಮನವರು ಪಕ್ಕದ ಮನೆಯ ರಾಮಲಕ್ಷ್ಮಮ್ಮನ ಜೊತೆ ಸಂಪಿಗೆ ಗ್ರಾಮದ ಶ್ರೀನಿವಾಸನ ದರ್ಶನಕ್ಕೆ ಹೊರಟರು. ಬಸ್ಸು ಮರೆಯಾದ ಕಾಲುಗಂಟೆಗೆ ಮುನಾಫರು ನಾಲ್ಕು ಜಾಕಿಯೊಡನೆ ಹಾಜರು. ತೊಲೆಯನ್ನು ಜಾಕಿಯ ಮೇಲೆ ಒಂದು ಬೆರಳಷ್ಟು ಎತ್ತುವುದು, ಲಾರಿಯ ಮೇಲಿನ ಕಂಬ ತೆಗೆದು ನೆಲದ ಮೇಲಿಂದ ಉದ್ದನೆಯ ಕಂಬ ಕೊಡುವುದು, ಕಾಯಿಗೆ ಸುದ್ದಿಯೇ ಗೊತ್ತಾಗದ ಹಾಗೆ ಲಾರಿಯನ್ನು ಹೊರಗೆ ತಳ್ಳುವುದು, ಇದು ವ್ಯೂಹ. ಮೊದಲ ಕಂಬ ಹೂವೆತ್ತಿದಂತೆ ಬಂತು. ಎರಡನೆಯದಕ್ಕೆ ಕೈ ಹಾಕಿದಾಗ ಹನ್ನೊಂದು ತಿಂಗಳ ಧೂಳು ಗೋವಿಂದಯ್ಯನವರ ಮೂಗಿಗೇರಿತು. ಅವರು ಸೀನಿದರು. ಕಂಬ ಜಾರಿತು, ತೊಲೆ ಗೇಣುದ್ದ ಕುಸಿಯಿತು, ಅಟ್ಟದ ಬಿದಿರಿನ ಗಳುಗಳು ಬಾಯಿಬಿಟ್ಟವು. ಮೊದಲು ಒಂದು ಕಾಯಿ ಇಣುಕಿ ನೋಡಿ ಬಿತ್ತು, ಆಮೇಲೆ ಅದರ ಬಂಧುಬಳಗವೆಲ್ಲ ಬಂತು. ಜಾಕಿ ಗಟ್ಟಿಯಾಗಿ ಹಿಡಿದದ್ದರಿಂದ ಮನೆ ಉಳಿಯಿತು. ಗೋವಿಂದಯ್ಯನವರ ಹಣೆ ಉಳಿಯಲಿಲ್ಲ.

ಹಣೆಗೆ ಬಡಿದ ಕಾಯಿಯನ್ನು ಕೈಗೆತ್ತಿಕೊಂಡು, ಅವರು ಹುಟ್ಟು ಅಭ್ಯಾಸದಿಂದ ಕಿವಿಯ ಹತ್ತಿರ ಅಲ್ಲಾಡಿಸಿದರು. ಲೊಡಲೊಡ ಎಂದಿತು. ನೀರಿನ ಸದ್ದೇ ಇಲ್ಲ. ಇನ್ನೊಂದನ್ನು ಅಲ್ಲಾಡಿಸಿದರು, ಅದೂ ಲೊಡಲೊಡ. ಬಿದ್ದವೆಲ್ಲ ಪಕ್ಕಾ ಕೊಬ್ಬರಿ! ಹಣೆ ಒತ್ತಿಕೊಂಡೇ ಅವರು ಕುಣಿಯುವುದರಲ್ಲಿದ್ದರು. ಆಗ ಮುನಾಫರು ನಿಧಾನವಾಗಿ ಕೇಳಿದರು: "ಆಗೈತೆ, ಸರಿ ಯಜಮಾನ್ರೇ. ಆದ್ರೆ ಆಗೈತೆ ಅನ್ನಾದು ನಿಮ್ಗೆ ಹೆಂಗೆ ಗೊತ್ತಾಯ್ತು ಅಂತ ಅಮ್ಮೋರು ಕೇಳಿದ್ರೆ?"

ಗೋವಿಂದಯ್ಯನವರು ಎತ್ತಿದ ಕಾಲನ್ನು ಕೆಳಗಿಟ್ಟರು. ಕಾಯಿಗಳನ್ನು ಮೇಲೇರಿಸಿ ಕಂಬವನ್ನು ಇದ್ದಲ್ಲೇ ನಿಲ್ಲಿಸಿದ ಮೇಲೆ ಮುನಾಫರಿಗೆ ಗ್ಯಾರೇಜಿನ ತುರ್ತು ಕೆಲಸವೊಂದು ನೆನಪಾಯಿತು.

ಸಂಜೆ ಸಿದ್ದಗಂಗಮ್ಮ ಬಂದು, ಗಂಡನ ಹೆಸರಲ್ಲಿ ಮಾಡಿಸಿದ ಅರ್ಚನೆಯ ಪ್ರಸಾದ ಕೊಟ್ಟು, ತುಳಸಿ ಕಿವಿಗಿಟ್ಟುಕೊಳ್ಳಿ ಎಂದರು. ಗೋವಿಂದಯ್ಯನವರಿಗೆ ತಡೆಯಲಾಗಲಿಲ್ಲ.

"ಲೇ, ಕಾಯಿ ಆಗೈತೆ ಕಣೇ."

"ನಿಮ್ಗೆಂಗೆ ಗೊತ್ತು?"

ಅವರು ತಲೆಗೆ ಸುತ್ತಿದ್ದ ಟವೆಲ್ಲು ಸರಿಸಿ ಹಣೆ ತೋರಿಸಿದರು. ಅಲ್ಲಿ ನಿಂಬೆಹಣ್ಣಿನಷ್ಟು ಬೋರೆ ಎದ್ದಿತ್ತು. ಸಿದ್ದಗಂಗಮ್ಮ ಅದನ್ನು ನೋಡಿದರು, ಕೊಟ್ಟಿಗೆಯಲ್ಲಿ ಮುನಾಫರು ಮರೆತುಹೋಗಿದ್ದ ಜಾಕಿಯ ಕಡೆ ನೋಡಿದರು, ಒಳಗೆ ಹೋಗಿ ಅರಿಶಿನ ಅರೆದು ತಂದು ಹಚ್ಚಿದರು. ಸ್ವಲ್ಪ ಒತ್ತಿಯೇ ಹಚ್ಚಿದರು.

"ಸಂಕ್ರಾಂತಿಗೇ ಆಗಿತ್ತು ಬುಡಿ" ಎಂದರು. "ನನ್ ಹೆಸ್ರಿನ್ ಗಾಡಿ ಅಂತೀರಿ. ಹನ್ನೊಂದು ವರ್ಸ ಆ ಮುನಾಫಣ್ಣನ್ ಜೊತೆ ಹೋದ್ರಿ. ಒಂದ್ಸಲಾನಾದ್ರೂ ನೀನೂ ಬಾರೇ ಅಂದ್ರಾ? ಈ ಸಲಾನಾದ್ರೂ ಅಂತೀರೇನೋ ಅಂತ ಕಾದೆ. ನೀವು ಜಾಕಿ ತಂದ್ರಿ."

ಗೋವಿಂದಯ್ಯನವರಿಗೆ ತುರುವೇಕೆರೆ ಬಸ್ಸು ನೆನಪಾಯಿತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಪ್ರಸಾದದ ತುಳಸಿಯನ್ನು ಕಿವಿಗಿಟ್ಟುಕೊಂಡು, ನೀನೂ ಬಾರೇ ಎಂದರು. ನೋಡೋಣ ಎಂದು ಸಿದ್ದಗಂಗಮ್ಮ ಒಳಗೆ ಹೋದರು. ಅಂದು ಮುದ್ದೆ ಮತ್ತೆ ಎರಡಾಯಿತು.

ಮೂರು ದಿನದಲ್ಲಿ ಕಾಯಿ ಇಳಿಯಿತು, ಕಂಬ ಕಳಚಿತು, ಟ್ಯಾಂಕಿಗೆ ಡೀಸೆಲ್ ಬಿತ್ತು. ಮುನಾಫರು ಎರಡು ದಿನ ಎಂಜಿನ್ನಿನ ಹೊಟ್ಟೆಯೊಳಗೇ ಇದ್ದರು. ಶನಿವಾರ ಅದು ಕೆಮ್ಮಿ, ಉಗಿದು, ಕಡೆಗೆ ಗುಡುಗಿದಾಗ ಓಣಿಯ ನಾಯಿಗಳೆಲ್ಲ ಪಕ್ಕದೂರು ಹಾಲ್ಕುರಿಕೆಯ ಕಡೆ ಓಡಿದವು. ಗೋವಿಂದಯ್ಯನವರ ಕಣ್ಣಲ್ಲಿ ನೀರು ಬಂತು. ಹೊಗೆಗೆ ಎಂದು ಹೇಳಿಕೊಂಡರು. ಭಾನುವಾರ ಬೆಳಿಗ್ಗೆ ಸ್ಟೇರಿಂಗ್ ಹಿಂದೆ ಗೋವಿಂದಯ್ಯ, ರೇಷ್ಮೆ ಸೀರೆಯುಟ್ಟ ಸಿದ್ದಗಂಗಮ್ಮ ಪಕ್ಕದ ಸೀಟಿನಲ್ಲಿ, ಬುತ್ತಿ ಅವರ ತೊಡೆಯ ಮೇಲೆ, ಮುನಾಫರು ಹಿಂದೆ ನೀರಿನ ಕ್ಯಾನಿನ ಜೊತೆ. ನಿಟ್ಟೂರು, ಗುಬ್ಬಿ ದಾಟುವಾಗ ಸೈಕಲ್ಲಿನವರೂ ಇವರನ್ನು ಹಿಂದೆ ಹಾಕಿದರು. ಆದರೆ ಈ ಸಲ ಹೆಂಡತಿ ಹತ್ತಿದ ಗಾಡಿಗೆ ಗೋವಿಂದಯ್ಯನವರೂ ಹತ್ತಿದ್ದರು.

ಮೈದಾನದಲ್ಲಿ ಹಗ್ಗ ಕಾದಿತ್ತು. ಕಾರ್ಯಕರ್ತರೊಬ್ಬರು ಕಾಗದ ನೋಡಿ, ಶ್ರೀಮತಿ ಸಿದ್ದಗಂಗಮ್ಮ ಯಾರು ಎಂದು ಕೇಳಿ, ಅವರ ಸೆರಗಿಗೆ ಬಿಲ್ಲೆ ಚುಚ್ಚಿ, ಕುರ್ಚಿ ಹಾಕಿ ಕೂರಿಸಿದರು. ಆಮೇಲೆ ಗೋವಿಂದಯ್ಯನವರ ಗ್ರೀಸು ಹತ್ತಿದ ಅಂಗಿ ನೋಡಿ, ಡ್ರೈವರುಗಳೆಲ್ಲ ಹಗ್ಗದಿಂದ ಆಚೆ ಎಂದರು. ತಾವು ಗಂಡ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಜನ ಅವರನ್ನು ಹಿಂದಕ್ಕೆ ತಳ್ಳಿದರು, ಹನ್ನೆರಡನೆಯ ವರ್ಷವೂ ಅವರು ಹೊರಗೇ ನಿಂತರು. ಪಕ್ಕದಲ್ಲಿದ್ದವರು ಗಾಡಿ ಯಾರದು ಎಂದು ಅವರನ್ನೇ ಕೇಳಿದರು. ಆ ಅಮ್ಮಂದು ಎಂದು ಅವರೇ ಹೇಳಬೇಕಾಯಿತು.

ತೀರ್ಪುಗಾರರಾಗಿ ಬಂದವರು ನಿವೃತ್ತ ಮೇಜರ್ ಒಬ್ಬರು. ಥಳಥಳಿಸುವ ಜೀಪುಗಳ ಅಡಿಗೆ ತಲೆ ಹಾಕಿ, ತುಕ್ಕು ಕಂಡು ಮೂಗು ಮುರಿಯುತ್ತ ಬಂದರು. ಈ ಲಾರಿಯ ಅಡಿಗೆ ಹೋದವರು ಬೇಗ ಹೊರಗೆ ಬರಲಿಲ್ಲ. ಸೇನೆಯ ಹಳೆಯ ಬಣ್ಣ, ಹಳೆಯ ಅಕ್ಷರ ಎಲ್ಲ ಇದ್ದ ಹಾಗೇ ಇದ್ದವು. ತುಕ್ಕು ಹುಡುಕಿದರೂ ಇರಲಿಲ್ಲ. ಬೆರಳಲ್ಲಿ ಉಜ್ಜಿ, ಮೂಸಿ, ಯಾವ ಎಣ್ಣೆ ಹಚ್ಚುತ್ತೀರಿ ಎಂದು ಕೇಳಿದರು. ಹಗ್ಗದ ಹೊರಗಿನಿಂದ ಗೋವಿಂದಯ್ಯನವರು, ಸಾರ್, ನಾನು ಎಂದು ಶುರುಮಾಡಿದರು. ಗಲಾಟೆಯಲ್ಲಿ ಯಾರಿಗೂ ಕೇಳಿಸಲಿಲ್ಲ.

"ಎಣ್ಣೆ ಇಲ್ಲ ಏನಿಲ್ಲ ಸಾಮಿ" ಎಂದರು ಸಿದ್ದಗಂಗಮ್ಮ. "ಅಟ್ಟದ್ ಕೆಳಗಿಟ್ಟು ಚಿಪ್ಪಿನ್ ಹೊಗೆ ಹಾಕ್ದೆ. ಬಣ್ಣ ಬಳೀಲಿಲ್ಲ, ಹನ್ನೊಂದ್ ತಿಂಗ್ಳು ಯಾರ್ಗೂ ಅಲ್ಲಾಡ್ಸಾಕೆ ಬುಡ್ಲಿಲ್ಲ. ಕೊಬ್ಬರಿ ಮಾಡ್ದಂಗೆ."

ಮೂಲಸ್ಥಿತಿಯಲ್ಲಿ ಕಾಪಾಡಿದ ಗಾಡಿಗಿದ್ದ ಮೊದಲ ಬಹುಮಾನ ಅವರದಾಯಿತು. ಬೆಳ್ಳಿ ಬಣ್ಣದ ಕಪ್ ಹಿಡಿದು, ಫೋಟೋದವರ ಮುಂದೆ ನಿಂತ ಸಿದ್ದಗಂಗಮ್ಮ ಸುತ್ತ ನೋಡಿದರು. ಆಮೇಲೆ ತಾವೇ ಹೋಗಿ ಹಗ್ಗವನ್ನು ಎತ್ತಿ ಹಿಡಿದರು.

"ಇವ್ರು ನಮ್ ಡ್ರೈವರ್ರು. ಸ್ವಾಮಾರ ಸ್ವಾಮಾರ ಚಕ್ರುಕ್ಕೆ ಗಾಳಿ ಹೊಡ್ದೋರು ಇವ್ರೇ. ಒಳೀಕೆ ಬುಡಿ" ಎಂದರು.

ಗೋವಿಂದಯ್ಯನವರು ಬಗ್ಗಿ ಒಳಗೆ ಬಂದರು. ಯಾವ ಹೆಸರಿನಲ್ಲಿ ಬಂದರೇನು, ಬಂದದ್ದು ಬಂದದ್ದೇ. ಅವತ್ತಿನ ಫೋಟೋದಲ್ಲಿ ಅವರ ಹಲ್ಲೆಲ್ಲ ಕಾಣುತ್ತದೆ, ಹಣೆಯ ಮೇಲೆ ಇನ್ನೂ ದಿನಾ ಹಚ್ಚುತ್ತಿದ್ದ ಅರಿಶಿನವೂ ಕಾಣುತ್ತದೆ.

ಶಿವರಾತ್ರಿ ಕಳೆದು ಅಟ್ಟಕ್ಕೆ ಹೊಸ ಕಾಯಿ ಏರಿದ ವಾರವೇ ಮೇಜರ್ ಸಾಹೇಬರ ಜೀಪು ಹೊನ್ನವಳ್ಳಿಗೆ ಬಂತು, ಒಂದು ವರ್ಷ ಹದವಾಗಲೆಂದು. ಲಾರಿಯ ಜಾಗದಲ್ಲಿ ಅದು ನಿಂತಿತು. ನಮ್ಮ ಲಾರಿಯ ಗತಿಯೇನು ಎಂದು ಗೋವಿಂದಯ್ಯ ಕೇಳಿದ್ದಕ್ಕೆ, ಇಳಿಸಿದ ಕೊಬ್ಬರಿಯನ್ನು ಯಾರಾದರೂ ಮತ್ತೆ ಅಟ್ಟಕ್ಕೆ ಹಾಕುತ್ತಾರಾ ಎಂದು ಸಿದ್ದಗಂಗಮ್ಮ ಮಾತು ಮುಗಿಸಿದರು. ಒಳ್ಳೆಯದೇ ಆಯಿತು, ಅಂಗಳದ ಹೊಂಗೆಮರದ ಕೆಳಗೆ ಯಾವ ಕಾಯಿಯ ಹಂಗೂ ಇಲ್ಲ, ದಿನಾ ಎಂಜಿನ್ ಚಾಲೂ ಮಾಡಬಹುದು ಎಂದು ಗೋವಿಂದಯ್ಯನವರು ಹಿಗ್ಗಿದರು. ಲಾರಿಯ ಸುತ್ತ ನಾಲ್ಕು ಗೂಟ ನೆಟ್ಟು, ಹೊಸ ನಾರಿನ ಹಗ್ಗ ಬಿಗಿದು, ಒಳಗೆ ಕುರ್ಚಿಯೊಂದನ್ನೂ ಹಾಕಿದರು.

ಮಾರನೆಯ ಬೆಳಿಗ್ಗೆ ಕಾಫಿ ಕುಡಿದು ಬಂದು ನೋಡಿದರೆ ಹಗ್ಗದ ಉದ್ದಕ್ಕೂ ಎರಡು ಸೀರೆ, ಒಂದು ದುಪ್ಪಟಿ, ಅವರದೇ ನಾಲ್ಕು ಬನಿಯನ್ನು ಒಣಗುತ್ತಿದ್ದವು. ಸೀರೆ ಸರಿಸಿ ಒಳಗೆ ನುಗ್ಗಿ, ಲಾರಿ ಹತ್ತಿ ಕೀಲಿಗೆ ಕೈ ಹಾಕಿದರು.

"ಬಟ್ಟೆ ಒಣಗೋಗಂಟ ಚಾಲೂ ಮಾಡ್ಬ್ಯಾಡಿ, ಮಸಿ ಹತ್ತತೈತೆ" ಎಂದು ಅಡಿಗೆಮನೆಯಿಂದ ದನಿ ಬಂತು.

ಗೋವಿಂದಯ್ಯನವರು ಕೀಲಿ ಬಿಟ್ಟು ಸ್ಟೇರಿಂಗ್ ಹಿಡಿದರು. ಬಾಯಲ್ಲೇ ಮೊದಲ ಗೇರು ಹಾಕಿದರು, ಮೆಲ್ಲಗೆ.