ನಾಲ್ವರು ಪಾಸ್ಕುಗಳಲ್ಲಿ ನನ್ನವನು ಯಾರು?

ನನಗೆ ಜಂಬ ಇದೆ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಕಂಡುಹಿಡಿದು ಕಮೆಂಟಿನಲ್ಲಿ ಬರೆಯುವುದು ಬೇಡ. ಕೆಲವರಿಗೆ ಬಂಗಾರದ ಜಂಬ, ಕೆಲವರಿಗೆ ಮಕ್ಕಳ ಮಾರ್ಕಿನ ಜಂಬ. ನನ್ನ ಬಂಗಾರ ಹೇಳಿಕೊಳ್ಳುವಷ್ಟಿಲ್ಲ, ಮಗಳ ಮಾರ್ಕು ಹೇಳಿಕೊಳ್ಳುವ ಹಾಗಿಲ್ಲ. ಹಾಗಾಗಿ ನಾನು ಮುತ್ತಜ್ಜನನ್ನು ಹಿಡಿದುಕೊಂಡೆ. ಸತ್ತವರನ್ನು ಎಷ್ಟು ಹೊಗಳಿದರೂ ಅವರ ತಲೆ ತಿರುಗುವುದಿಲ್ಲ. ಎಷ್ಟು ಉತ್ಪ್ರೇಕ್ಷೆ ಮಾಡಿದರೂ ಎದ್ದು ಬಂದು ‘ಹಾಗಲ್ಲ ಮಗಾ’ ಅನ್ನುವುದಿಲ್ಲ. ಹಾಗೆಂದು ತಿಳಿದಿದ್ದೆ.

ಮುತ್ತಜ್ಜನ ಹೆಸರು ಪಾಸ್ಕಲ್, ಮನೆಯವರ ಬಾಯಲ್ಲಿ ಪಾಸ್ಕು. ನಾವು ಮಂಗಳೂರು ಕಡೆಯ ಕೊಂಕಣಿ ಕ್ರಿಶ್ಚಿಯನ್ನರು. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ತುಳು, ಬರೆಯುವುದಕ್ಕೆ ಕನ್ನಡ, ಜಗಳಕ್ಕೆ ಯಾವುದು ಮೊದಲು ಬಾಯಿಗೆ ಬರುತ್ತದೋ ಅದು. ನನ್ನ ಅಜ್ಜಿ ಹೇಳುತ್ತಿದ್ದ ಕಥೆಯಲ್ಲಿ ಈ ಪಾಸ್ಕು ಮಂಗಳೂರಿನ ಹಂಚು ತುಂಬಿದ ಅರಬರ ಹಾಯಿಹಡಗು ಹತ್ತಿ ಕುವೈತಿಗೆ ಹೋಗಿದ್ದ. ಆಗ ಕುವೈತಿನಲ್ಲಿ ಎಣ್ಣೆ ಇರಲಿಲ್ಲ, ಏಸಿ ಇರಲಿಲ್ಲ, ಇಕಾಮಾ ಎಂಬ ವಾಸದ ಪರವಾನಗಿಯ ಕಾಟವೂ ಇರಲಿಲ್ಲ. ಅಂಥ ಕಾಲದಲ್ಲಿ ಬಂದವನ ಮರಿಮಗಳು ನಾನು ಎಂದರೆ ಸುಮ್ಮನೆಯೇ? ಇಪ್ಪತ್ತಾರು ವರ್ಷಗಳಿಂದ ನಾನೂ ಇದೇ ಕುವೈತಿನಲ್ಲಿ, ರುಮೈಥಿಯಾದ ಹಲ್ಲಿನ ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ಕೂತಿದ್ದೇನೆ. ಒಮ್ಮೆ ಕುವೈತಿ ಅಜ್ಜಿಯೊಬ್ಬರು, ‘ನನ್ನ ಅಜ್ಜನ ಹಡಗು ಹಿಂದ್‌ಗೆ ಹೋಗುತ್ತಿತ್ತು’ ಎಂದರು. ಹಿಂದ್ ಎಂದರೆ ನಮ್ಮ ಇಂಡಿಯಾ. ‘ಆ ಹಡಗಿನಲ್ಲೇ ನನ್ನ ಮುತ್ತಜ್ಜ ಬಂದಿರಬೇಕು’ ಎಂದೆ. ಅವರು ಎದೆಯ ಮೇಲೆ ಕೈಯಿಟ್ಟು ಮಾಶಾಅಲ್ಲಾಹ್ ಎಂದರು. ಅವತ್ತು ಆ ಅಜ್ಜಿಯನ್ನು ಮೂವರನ್ನು ದಾಟಿಸಿ ಒಳಗೆ ಕಳಿಸಿದೆ. ಒಂದೇ ಹಡಗಿನವರು ನಾವು!

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ನಮ್ಮೂರಿನವರದ್ದೊಂದು ಸಂಘ ಇಲ್ಲಿದೆ. ಅದರ ವಾರ್ಷಿಕೋತ್ಸವದಲ್ಲಿ ಕುವೈತಿಗೆ ಎಲ್ಲರಿಗಿಂತ ಮೊದಲು ಬಂದ ಕುಟುಂಬದವರು ದೀಪ ಹಚ್ಚುವುದು ಪದ್ಧತಿ. ಪ್ರತಿ ವರ್ಷವೂ ಹಚ್ಚುವವರು ಮೆರ್ಲಿನ್ ಆಂಟಿ. ಎಪ್ಪತ್ತು ದಾಟಿದವರು, ಇಲ್ಲಿ ಮಗಳ ಮನೆಯಲ್ಲಿದ್ದಾರೆ, ಊರಿನಲ್ಲಿ ನಮ್ಮ ಚರ್ಚಿನವರೇ. ಅವರ ಅಪ್ಪ ಎಣ್ಣೆ ಕಂಪನಿಯ ಶುರುವಿನ ದಿನಗಳಲ್ಲಿ ಬಂದವರು. ಇದನ್ನು ಮರೆಯಲು ಅವರು ನಮಗೆ ಯಾವತ್ತೂ ಅವಕಾಶ ಕೊಟ್ಟಿಲ್ಲ. ಈ ಸಲ ಸಂಘದ ಮೀಟಿಂಗಿನಲ್ಲಿ ನಾನು ಎದ್ದು ನಿಂತು, ‘ದೀಪ ನಮ್ಮ ಮನೆಯ ಹಕ್ಕು, ನನ್ನ ಮುತ್ತಜ್ಜ ನಿಮ್ಮ ಅಪ್ಪನಿಗಿಂತ ಎರಡು ತಲೆಮಾರು ಮೊದಲೇ ಬಂದವನು’ ಎಂದುಬಿಟ್ಟೆ.

ಮೆರ್ಲಿನ್ ಆಂಟಿ ಕನ್ನಡಕ ತೆಗೆದು, ಸೀರೆ ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು ಕೇಳಿದರು. ‘ಹೌದಾ ಜೆಸಿಂತಾ? ಅವನ ಇಕಾಮಾ ಉಂಟಾ ನಿನ್ನ ಹತ್ರ?’

ಇಡೀ ಹಾಲ್ ನಕ್ಕಿತು. ನನ್ನ ಗಂಡ ರೋಕಿಯೂ ನಕ್ಕ, ಅದು ಹೆಚ್ಚು ಉರಿಯಿತು. ದಾಖಲೆ ತಂದರೆ ದೀಪ ಎಂದು ಅಧ್ಯಕ್ಷರು ತೀರ್ಪು ಕೊಟ್ಟರು. ಕಾರಿನಲ್ಲಿ ಮಗಳು, ‘ಮಮ್ಮಾ, ಇಟ್ಸ್ ಜಸ್ಟ್ ಎ ಲ್ಯಾಂಪ್’ ಎಂದಳು. ಮೂರು ತಲೆಮಾರಿನ ನಂತರ ಇವಳ ಮೊಮ್ಮಕ್ಕಳು ನನ್ನ ಬಗ್ಗೆ ಏನು ಹೇಳಬಹುದು ಎಂದು ನೆನೆದು ನಡುಗಿದೆ.

ಊರಿನಲ್ಲಿರುವ ತಮ್ಮ ವಿಕ್ಟರನಿಗೆ ಫೋನ್ ಮಾಡಿದೆ. ನಾನು ಕುವೈತಿನಿಂದ ಮಾಡುವ ಎಲ್ಲ ಕೆಲಸಗಳನ್ನೂ ಅಲ್ಲಿ ಮಾಡುವವನು ಅವನೇ. ಮೊದಲು ಅವನನ್ನು ಸರ್ಕಾರಿ ಕಚೇರಿಗೆ ಓಡಿಸಿದೆ, ಹಳೆಯ ಜನಗಣತಿಯಲ್ಲಿ ಪಾಸ್ಕು ಇದ್ದೇ ಇರುತ್ತಾನೆ ಎಂದು. ಅಲ್ಲಿಯ ಗುಮಾಸ್ತ, ‘ಜನಗಣತಿಯಲ್ಲಿ ನಿಮಗೆ ತಲೆಯ ಲೆಕ್ಕ ಸಿಗ್ತದೆ ಮಾರಾಯ್ರೆ, ಮುಖ ಸಿಗುದಿಲ್ಲ’ ಎಂದು ಕಳಿಸಿದನಂತೆ. ಕೊನೆಗೆ ನಮ್ಮ ಚರ್ಚೇ ಗತಿಯಾಯಿತು. ಅಲ್ಲಿ ಜ್ಞಾನಸ್ನಾನದ ಪುಸ್ತಕ ಇದೆ, ಮದುವೆಯ ಪುಸ್ತಕ ಇದೆ. ಹಿಂದಿನ ಪಾದ್ರಿಗಳು ಮನೆಮನೆಗೆ ಹೋಗಿ ಯಾವ ಮನೆಯಲ್ಲಿ ಯಾರಿದ್ದಾರೆ, ಈಸ್ಟರಿಗೆ ಪಾಪನಿವೇದನೆ ಮಾಡಿದರೋ ಇಲ್ಲವೋ ಎಂದೆಲ್ಲ ಬರೆದಿಟ್ಟ ಮನೆಗಣತಿಯೂ ಇದೆ. ಎಲ್ಲ ಲ್ಯಾಟಿನ್ನಿನಲ್ಲಿ. ಅದನ್ನು ಓದಲು ಸಿರಿಲ್ ಮಾಸ್ಟ್ರು ಬೇಕು. ಅವರು ಪಾದ್ರಿಯಾಗಲು ಹೋಗಿ ಅರ್ಧದಲ್ಲಿ ಓಡಿಬಂದು ಮದುವೆಯಾದವರು. ಆ ಅರ್ಧದಲ್ಲಿ ಕಲಿತ ಲ್ಯಾಟಿನ್ ಈಗ ಎಂಬತ್ತರ ವಯಸ್ಸಿನಲ್ಲಿ ನನಗೆ ಉಪಯೋಗಕ್ಕೆ ಬಂತು. ಫಾದರ್ ಒಪ್ಪಿದರು. ದಿನವೂ ವಿಕ್ಟರ್ ಅವರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗುವುದು, ಅವರು ಓದುವುದು, ಇವನು ಫೋಟೋ ತೆಗೆದು ನನಗೆ ಕಳಿಸುವುದು.

ನಾಲ್ಕನೆಯ ದಿನ ಮಾಸ್ಟ್ರ ಫೋನ್ ಬಂತು. ‘ನಿನ್ನ ಪಾಸ್ಕು ಸಿಕ್ಕಿದ ಮಗಾ.’

‘ದೇವರು ದೊಡ್ಡವನು ಮಾಸ್ಟ್ರೇ!’

‘ದೊಡ್ಡವನೇ, ಅದಕ್ಕೇ ನಾಲ್ಕು ಕೊಟ್ಟಿದ್ದಾನೆ. ಯಾವುದು ಬೇಕು?’

ನಮ್ಮಲ್ಲಿ ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರಿಡಬೇಕು. ಇಡದಿದ್ದರೆ ಅಜ್ಜ ಬದುಕಿರುವಷ್ಟು ದಿನವೂ ಊಟಕ್ಕೆ ಕೂತಾಗ ಮುಖ ತಿರುಗಿಸುತ್ತಾನೆ. ಒಬ್ಬ ಹಿರಿಯ ಪಾಸ್ಕಲನಿಗೆ ನಾಲ್ಕು ಗಂಡುಮಕ್ಕಳು. ನಾಲ್ವರೂ ವಿಧೇಯರು. ನಾಲ್ವರೂ ತಮ್ಮ ಮೊದಲ ಮಗನಿಗೆ ಪಾಸ್ಕಲ್ ಎಂದೇ ಹೆಸರಿಟ್ಟರು. ಆರು ವರ್ಷಗಳೊಳಗೆ ಒಂದೇ ಅಂಗಳದಲ್ಲಿ ನಾಲ್ಕು ಪಾಸ್ಕು! ‘ಪಾಸ್ಕೂ, ಉಣ್ಣಲಿಕ್ಕೆ ಬಾ’ ಎಂದು ಕೂಗಿದರೆ ಯಾರ ಮನೆಯ ಅನ್ನ ಯಾರ ಹೊಟ್ಟೆಗೆ ಹೋಗುತ್ತಿತ್ತೋ. ಊರವರು ಉದ್ದ ಪಾಸ್ಕು, ಗಿಡ್ಡ ಪಾಸ್ಕು ಎಂದೆಲ್ಲ ಕರೆದಿರಬೇಕು, ಆದರೆ ಪಾದ್ರಿ ಅಡ್ಡಹೆಸರನ್ನು ದೇವರ ಪುಸ್ತಕದಲ್ಲಿ ಬರೆಯುತ್ತಾನೆಯೇ? ನಮ್ಮ ಕ್ಲಿನಿಕ್ಕಿಗೆ ಬರುವ ಕುವೈತಿಗಳು ಕಾರ್ಡಿನಲ್ಲೇ ತಮ್ಮ ಹೆಸರು, ಅಪ್ಪನ ಹೆಸರು, ಅಜ್ಜನ ಹೆಸರು ಹೊತ್ತು ತಿರುಗುವುದು ಯಾಕೆಂದು ನನಗೆ ಅವತ್ತು ಅರ್ಥವಾಯಿತು.

ನಾಲ್ವರಲ್ಲಿ ಒಬ್ಬ ಮಗುವಾಗಿರುವಾಗಲೇ ತೀರಿಕೊಂಡಿದ್ದ. ಇನ್ನೊಬ್ಬ ಪಾದ್ರಿಯಾಗಿದ್ದ, ಅಂದರೆ ಓಡಿಬರದೆ ಪೂರ್ತಿ ಪಾದ್ರಿಯಾಗಿದ್ದ. ಉಳಿದವರು ಇಬ್ಬರು. ಮದುವೆಯ ಪುಸ್ತಕ ತೆಗೆಸಿದೆ. ನಮ್ಮ ಮುತ್ತಜ್ಜಿಯ ಹೆಸರು ಸೆರಾಫಿನಾ, ಗೋರಿಕಲ್ಲಿನ ಮೇಲಿದೆ, ಅದರಲ್ಲಿ ಅನುಮಾನವಿಲ್ಲ. ಸೆರಾಫಿನಾಳನ್ನು ಮದುವೆಯಾದವನು ಲೊರೆಸನ ಮಗ ಪಾಸ್ಕು. ಮಾನುಯೆಲನ ಮಗ ಪಾಸ್ಕು ಮದುವೆಯಾದದ್ದು ಕಾರ್ಮಿನಳನ್ನು. ಸರಿ, ಲೊರೆಸನ ಪಾಸ್ಕು ನಮ್ಮವನು. ಮನೆಗಣತಿ ತೆಗೆದು ಅವನು ಹಡಗು ಹತ್ತಿದ್ದನ್ನು ತೋರಿಸಿದರೆ ದೀಪ ನನ್ನದು.

ಅವನು ಹಡಗು ಹತ್ತಿರಲಿಲ್ಲ.

‘ಈ ವರ್ಷ ಹಾಜರ್, ಮುಂದಿನ ವರ್ಷ ಹಾಜರ್, ಮತ್ತೂ ಹಾಜರ್’ ಎಂದು ಮಾಸ್ಟ್ರು ಪುಟ ಮಗುಚುತ್ತಾ ಓದಿದರು. ‘ನಿನ್ನ ಪಾಸ್ಕು ಉಡುಪಿಗೂ ಹೋದ ಹಾಗೆ ಕಾಣುದಿಲ್ಲ ಮಗಾ.’ ಹಡಗು ಹತ್ತಿದವನು ಮಾನುಯೆಲನ ಪಾಸ್ಕು. ಅವನ ಹೆಸರಿನ ಮುಂದೆ ‘ಅರಬರ ಹಡಗಿನಲ್ಲಿ ಹೋಗಿದ್ದಾನೆ’ ಎಂದು ಎರಡು ವರ್ಷ ಬರೆದಿತ್ತು. ಮೂರನೆಯ ವರ್ಷ ಒಂದು ಶಿಲುಬೆಯ ಗುರುತು, ಪಕ್ಕದಲ್ಲಿ ‘ಕುವೈತಿನಲ್ಲಿ ಜ್ವರದಿಂದ ಸತ್ತ ಸುದ್ದಿ ಬಂತು’. ಅದೇ ವರ್ಷ ನಮ್ಮ ಪಾಸ್ಕುವಿನ ಮನೆಯಲ್ಲಿ ಏಳು ಜನರಿದ್ದದ್ದು ಹತ್ತಾಗಿತ್ತು. ವಿಧವೆ ಕಾರ್ಮಿನ್, ಅವಳ ಮಗಳು, ಮತ್ತು ಇನಾಸ್ ಎಂಬ ಎರಡು ವರ್ಷದ ಮಗ. ಒಂದೇ ಮಾಡಿನ ಕೆಳಗೆ ಹೋದ ಪಾಸ್ಕುವಿನ ನೆನಪೂ ಇದ್ದ ಪಾಸ್ಕುವೂ ಸೇರಿಕೊಂಡರು. ನನ್ನ ಅಜ್ಜಿಯ ಕಾಲಕ್ಕೆ ಇಬ್ಬರನ್ನೂ ಹೊಲಿದು ಒಬ್ಬನನ್ನಾಗಿ ಮಾಡಿಯಾಗಿತ್ತು.

ಇನಾಸ್ ಎಂಬ ಹೆಸರನ್ನು ಮಾಸ್ಟ್ರಿಂದ ಎರಡು ಸಲ ಓದಿಸಿದೆ. ‘ನಮ್ಮ ಅಜ್ಜ ಇನಾಸ್ ಹೇಳ್ತಿದ್ರು’ ಎಂದು ಶುರುಮಾಡದೆ ಮೆರ್ಲಿನ್ ಆಂಟಿ ಒಂದು ಗಾದೆಯನ್ನೂ ಹೇಳುವುದಿಲ್ಲ. ಅವರಿಗೇ ಫೋನ್ ಮಾಡಿ, ಯಾವುದೋ ಮೀನು ಸಾರಿನ ಮಾತಿನ ನಡುವೆ, ‘ಆಂಟಿ, ನಿಮ್ಮ ಇನಾಸ್ ಅಜ್ಜನ ತಾಯಿಯ ಹೆಸರು ಎಂತ?’ ಎಂದೆ.

‘ಕಾರ್ಮಿನ್. ಯಾಕೆ?’

‘ಸುಮ್ಮನೆ. ಅಪ್ಪ?’

‘ಅಪ್ಪನ ಮುಖ ಅಜ್ಜ ನೋಡಿಲ್ಲ. ಹೇಗೆ ಸತ್ರು, ಎಲ್ಲಿ ಸತ್ರು, ಯಾರೂ ಹೇಳ್ಲಿಲ್ಲ. ಅಜ್ಜ ಸಾಯುವಾಗ್ಲೂ ಅದನ್ನೇ ಕೇಳ್ತಿದ್ರು, ನನಗೆ ನೆನಪುಂಟು. ನೀನು ಮೀನಿಗೆ ಹುಳಿ ಜಾಸ್ತಿ ಹಾಕ್ಬೇಡ, ಆಯ್ತಾ.’

ಈಗ ನನ್ನ ಸಂಕಟ ನೋಡಿ. ಪಾಸ್ಕಲ್ ಎಂಬವನು ಕುವೈತಿಗೆ ಹೋದದ್ದಕ್ಕೆ ಚರ್ಚಿನ ಪುಟದ ಫೋಟೋ ನನ್ನ ಮೊಬೈಲಿನಲ್ಲಿದೆ. ಯಾವ ಪಾಸ್ಕಲ್ ಎಂದು ಕೇಳುವಷ್ಟು ಲ್ಯಾಟಿನ್ ಸಂಘದಲ್ಲಿ ಯಾರಿಗೂ ಬರುವುದಿಲ್ಲ. ರೋಕಿ, ‘ಅದನ್ನೇ ತೋರಿಸು, ದೀಪ ಹಚ್ಚು, ಖಲಾಸ್’ ಎಂದ. ನಾಚಿಕೆ ಬಿಟ್ಟು ಹೇಳುತ್ತೇನೆ, ಎರಡು ದಿನ ನಾನೂ ಅದನ್ನೇ ಯೋಚಿಸಿದೆ. ದೀಪಕ್ಕೆ ಒಪ್ಪುವ ಸೀರೆಯನ್ನೂ ತೆಗೆದಿಟ್ಟೆ. ಆದರೆ ಸಾಯುವ ಮುದುಕನೊಬ್ಬ ಕೇಳಿದ ಪ್ರಶ್ನೆಯ ಉತ್ತರವನ್ನು ಪರ್ಸಿನಲ್ಲಿಟ್ಟುಕೊಂಡು, ಅವನ ಮೊಮ್ಮಗಳ ಎದುರು ದೀಪ ಹಚ್ಚಲು ನನ್ನಿಂದ ಆಗಲಿಲ್ಲ.

ವಾರ್ಷಿಕೋತ್ಸವದ ದಿನ ಮೈಕ್ ಹಿಡಿದು ಎಲ್ಲ ಹೇಳಿದೆ. ಬಂದವನು ನನ್ನವನಲ್ಲ, ಮೆರ್ಲಿನ್ ಆಂಟಿಯವರ ಮುತ್ತಜ್ಜ, ಇದೇ ಕುವೈತಿನ ಮಣ್ಣಿನಲ್ಲಿದ್ದಾನೆ ಎಂದೆ. ಆಂಟಿ ಮುಂದಿನ ಸಾಲಿನಲ್ಲಿ ಕನ್ನಡಕ ತೆಗೆದರು, ಈ ಸಲ ಒರೆಸಿದ್ದು ಕಣ್ಣು. ಅಲ್ಲಿಗೆ ನಿಲ್ಲಿಸಬೇಕಿತ್ತು. ನನ್ನ ಜಾತಕ ನಿಮಗೆ ಗೊತ್ತಲ್ಲ. ಮಾತು ಮುಂದುವರಿಸಿದೆ. ಹಡಗು ಹತ್ತುವುದಕ್ಕೆ ಒಂದು ದಿನದ ಧೈರ್ಯ ಸಾಕು, ಮೂರು ಹೆಚ್ಚಿನ ತಟ್ಟೆಗಳಿಗೆ ಮೂವತ್ತು ವರ್ಷ ಗಂಜಿ ಬಡಿಸುವುದಕ್ಕೆ ಎಷ್ಟು ಧೈರ್ಯ ಬೇಕು, ನನ್ನ ಪಾಸ್ಕು ಎಲ್ಲಿಗೂ ಹೋಗಲಿಲ್ಲ, ಅದೇ ನಮ್ಮ ಮನೆತನದ ಹಿರಿಮೆ ಎಂದು ಇಪ್ಪತ್ತು ನಿಮಿಷ ಕೊರೆದೆ. ಹಾಲ್ ಎದ್ದು ನಿಂತು ಚಪ್ಪಾಳೆ ತಟ್ಟಿತು. ಊಟ ತಡವಾಗಿತ್ತು, ಎದ್ದದ್ದು ಅದಕ್ಕೂ ಇರಬಹುದು. ಆಂಟಿ ನನ್ನ ಕೈ ಹಿಡಿದು ದೀಪದ ಹತ್ತಿರ ಎಳೆದರು. ‘ಬಾ ಮಾರಾಯ್ತಿ. ನಾನೊಬ್ಳೇ ಹಚ್ಚಿದ್ರೆ ಇದನ್ನೂ ಮುಂದಿನ ವರ್ಷ ಭಾಷಣ ಮಾಡ್ತಿ ನೀನು.’

ಇಬ್ಬರೂ ಹಚ್ಚಿದೆವು. ಭಾಷಣದ ವಿಡಿಯೋವನ್ನು ಅಲ್ಲೇ ನಿಂತು ವಿಕ್ಟರನಿಗೆ ಕಳಿಸಿದೆ. ಊರು ಬಿಡದೆ ಮನೆ ನಿಲ್ಲಿಸಿದವನ ಬಗ್ಗೆ ಅಕ್ಕ ಎಷ್ಟು ಚೆನ್ನಾಗಿ ಮಾತಾಡಿದ್ದಾಳೆ ನೋಡಲಿ ಎಂದು. ತುಂಬ ಹೊತ್ತಿನ ಮೇಲೆ ಅವನ ಉತ್ತರ ಬಂತು.

‘ಮಮ್ಮಿಯನ್ನು ಕಣ್ಣಿನ ಡಾಕ್ಟ್ರ ಹತ್ರ ತಂದಿದ್ದೇನೆ. ಮತ್ತೆ ನೋಡ್ತೇನೆ.’

ಮದುವೆಯ ಮರುತಿಂಗಳು ವಿಮಾನ ಹತ್ತಿದವಳು ನಾನು. ಮಗಳನ್ನೂ ನಾಲ್ಕು ವರ್ಷ ಅವನ ಮನೆಯಲ್ಲೇ ಬಿಟ್ಟಿದ್ದೆ. ಇಷ್ಟು ವರ್ಷಗಳಲ್ಲಿ ನನ್ನ ಪೇಜಿನಲ್ಲಿ ಬರೆಯದ ವಿಷಯವಿಲ್ಲ. ವಿಕ್ಟರನ ಬಗ್ಗೆ ಒಂದು ಸಾಲಿಲ್ಲ. ಏನು ಬರೆಯಬೇಕೆಂದು ತಿಳಿಯದೆ, ‘ನಿಂಗೆ ಇಲ್ಲಿಂದ ಎಂತ ತರ್ಲಿ?’ ಎಂದು ಕೇಳಿದೆ.

‘ಎಂತದೂ ಬೇಡ ಅಕ್ಕ. ಆದ್ರೆ ಗಂಡನ ಕಡೆಯ ಮುತ್ತಜ್ಜನನ್ನು ಹುಡುಕುವ ಮೊದ್ಲು ಒಂದು ತಿಂಗಳು ಬಿಡು. ಮಾಸ್ಟ್ರನ್ನು ಹೊತ್ತು ನನ್ನ ಸೊಂಟ ಹಿಡಿದಿದೆ.’