ಹಿಪ್ಪಲಿ ಭಾವನ ಇಟ್ಟಿಗೆ ದಾರಿ

ಪಕ್ಕದ ಮನೆಯವರು ಮೂರನೇ ಮಹಡಿ ಎಬ್ಬಿಸಿ ಬಿಸಿಲು ಮರೆಮಾಡಿದ್ದಕ್ಕೆ ಮೈಸೂರುಪಾಕು ಹಿಡಿದುಕೊಂಡು ಹೋಗಿ ಅಭಿನಂದಿಸಿದವರು ಇಡೀ ವಿಜಯನಗರದಲ್ಲಿ ಒಬ್ಬರೇ. ದುರದೃಷ್ಟಕ್ಕೆ ಅವರು ನನ್ನ ಅಕ್ಕನ ಗಂಡ!

“ಇನ್ನು ಬಟ್ಟೆ ಒಣಗಲ್ಲ ಕಣ್ರೀ!” ಎಂದಳು ಅಕ್ಕ.

“ಫ್ಯಾನ್ ಕೆಳಗೆ ಹಾಕೇ. ಹಿಪ್ಪಲಿಗೆ ಅರೆನೆರಳೇ ಬೇಕು.”

ಹಿಪ್ಪಲಿ ಎಂದರೆ ಕಾಡುಮರಗಳ ಬುಡದಲ್ಲಿ ನೆಲಕ್ಕಂಟಿ ಹರಿಯುವ, ವೀಳ್ಯದೆಲೆಯ ಬಡತಂಗಿಯಂಥ ಬಳ್ಳಿ. ಕೆಮ್ಮಿಗೆ ರಾಮಬಾಣವಂತೆ. ನಿಜವಿರಬೇಕು, ಆ ಮನೆಯಲ್ಲಿ ಯಾರೂ ಕೆಮ್ಮುವುದಿಲ್ಲ. ಕೆಮ್ಮಿದರೆ ಕಷಾಯ ಕುಡಿಸುತ್ತಾರಲ್ಲ!

ಗೇಟಿನಿಂದ ಬಾಗಿಲವರೆಗೂ ಹಬ್ಬಿದ ಈ ಮಹಾರಾಣಿಯನ್ನು ಯಾರೂ ತುಳಿಯುವಂತಿಲ್ಲ. ಅಲ್ಲಲ್ಲಿಟ್ಟ ಇಟ್ಟಿಗೆಗಳ ಮೇಲೆ ಕಪ್ಪೆಯಂತೆ ಹಾರಿಕೊಂಡು ಹೋಗಬೇಕು.

“ಸಾರ್, ಸಿಲಿಂಡರ್ ಹೊತ್ಕೊಂಡು ಕುಂಟೆಬಿಲ್ಲೆ ಆಡ್ಲಾ?” ಎಂದ ಗ್ಯಾಸಿನವನು.

“ಆಡಪ್ಪ. ಎಲೆ ಮಾತ್ರ ತುಳೀಬೇಡ.”

ಮಗಳನ್ನು ನೋಡಲು ಬಂದ ಬೀಗರನ್ನೂ ಹಾರಿಸಿದರು. ಗಂಡಿನ ಸೋದರತ್ತೆ ಜೋಲಿ ತಪ್ಪಿ ಬಿದ್ದಾಗ ಭಾವ “ಅಯ್ಯೋ!” ಎಂದು ಓಡಿದ್ದು ಬಳ್ಳಿಯ ಕಡೆಗೆ. ಮದುವೆಯೇನೋ ಆಯಿತು, ಆಕೆ ಇಂದಿಗೂ ಗೇಟಿನಾಚೆ ನಿಂತೇ ಕುಶಲ ಕೇಳುತ್ತಾರೆ.

“ಅಳಿಯಂದಿರೇ, ಈ ಕಳೆಗಿರೋ ಮರ್ಯಾದೆ ಅತ್ತೆಗೂ ಇಲ್ವಲ್ಲಾ!” ಎಂದು ನನ್ನಮ್ಮ ಕುಟುಕಿದರೂ ಅವರು ಜಗ್ಗಿದವರಲ್ಲ.

ಈಚೆಗೆ ಅಮ್ಮ ಬಿದ್ದು ಸೊಂಟದ ಆಪರೇಷನ್ ಆಯಿತು. ನನ್ನದೋ ಲಿಫ್ಟಿಲ್ಲದ ಮೂರನೇ ಮಹಡಿ. ಅಕ್ಕನ ಮನೆಯೇ ಗತಿ. ಚಿಂತೆಯನ್ನೇ ಕುಲಕಸುಬು ಮಾಡಿಕೊಂಡ ನಾನು ನಿದ್ದೆಗೆಟ್ಟೆ. ವಾಕರ್ ಹಿಡಿದವಳು ಇಟ್ಟಿಗೆ ಹಾರುವುದುಂಟೆ? ಎಲೆ ಹರಿದೀತೆಂದು ಈ ಮಹಾಶಯ ಅವಳನ್ನು ಗೇಟಿನಲ್ಲೇ ತಡೆದರೆ? ಭಾವನಿಗೆ ಬೈಯಬೇಕಾದದ್ದನ್ನೆಲ್ಲ ಬಾಯಿಪಾಠ ಮಾಡಿಕೊಂಡೇ ಆಸ್ಪತ್ರೆಯಿಂದ ಅಮ್ಮನನ್ನು ಕರೆತಂದೆ.

ಗೇಟು ತೆರೆದರೆ ಇಟ್ಟಿಗೆಗಳೇ ಇಲ್ಲ! ಗೇಟಿನಿಂದ ಬಾಗಿಲವರೆಗೆ, ವಾಕರ್ ಧಾರಾಳವಾಗಿ ಹಿಡಿಸುವಷ್ಟು ಅಗಲಕ್ಕೆ ಬಳ್ಳಿ ಕಿತ್ತು, ಚಪ್ಪಡಿ ಹಾಸಿ ಮಟ್ಟ ಮಾಡಿತ್ತು. ಭಾವನ ಉಗುರಿನಲ್ಲಿ ಇನ್ನೂ ಮಣ್ಣು.

“ಅಯ್ಯೋ, ಬಳ್ಳಿ ಕಿತ್ಬಿಟ್ರಾ?” ಎಂದಳು, ಅದನ್ನು ಕಳೆ ಎಂದಿದ್ದ ಅಮ್ಮನೇ.

“ಗಿಣ್ಣು ನೆಲಕ್ಕೆ ತಾಗಿದ ಕಡೆಯೆಲ್ಲ ಬೇರು ಬಿಡೋ ಜಾತಿ ಅತ್ತೆ ಅದು. ಎಲ್ಲಾದ್ರೂ ಬದುಕ್ಕೊಳ್ಳುತ್ತೆ. ನೀವು ನಿಧಾನಕ್ಕೆ ಬನ್ನಿ.”

ಅವಳ ಮುಂದೆ ಕೈ ಚಾಚಿಕೊಂಡು, ಒಂದೊಂದೇ ಹೆಜ್ಜೆ ಹಿಂದಕ್ಕಿಡುತ್ತ ನಡೆದರು ಭಾವ. ಬಾಯಿಪಾಠ ಮಾಡಿದ್ದ ಬೈಗುಳವೆಲ್ಲ ನನ್ನ ಗಂಟಲಲ್ಲೇ ಸಿಕ್ಕಿಕೊಂಡಿತು. ವಿಚಿತ್ರ ಸದ್ದು ಹೊರಟಿತು.

“ಏನೋ, ಕೆಮ್ಮಾ?” ಎಂದರು.

ಹೌದೆಂದೆ. ಕಷಾಯ ಕೊಟ್ಟರು. ಲೋಟದ ತಳ ಕಾಣುವವರೆಗೂ ಕುಡಿದೆ.